ವೇಷದ ಬಗ್ಗೆ ಬರೆದಿದ್ದೀರಿ, ಫೋಟೊ ಎಲ್ಲಿ?

ಪ್ರಶ್ನೆ: ಸರ್, ನಾನು ಫೋಟೊಗ್ರಫಿ ವಿದ್ಯಾರ್ಥಿನಿ. ಈ ಸೆಮಿಸ್ಟರಿನ ಪ್ರಾಜೆಕ್ಟಿಗೆ ಕಾಸ್‌ಪ್ಲೇ ಫೋಟೊಗಳನ್ನು, ಅಂದರೆ ಅನಿಮೆ (ಜಪಾನಿನ ಅನಿಮೇಷನ್) ಅಥವಾ ಗೇಮಿನ ಪಾತ್ರದ ವೇಷ ತೊಟ್ಟವರ ಫೋಟೊಗಳನ್ನು, ಆರಿಸಿಕೊಂಡಿದ್ದೇನೆ. ಬೇರೆಯವರು ತೆಗೆದ ಮೂರು ಫೋಟೊಗಳನ್ನು ವಿಶ್ಲೇಷಿಸಬೇಕು, ಅವಕ್ಕೆ ಪ್ರತಿಕ್ರಿಯೆಯಾಗಿ ನಾನೇ ಆರು ಫೋಟೊ ತೆಗೆಯಬೇಕು. ಮೊದಲ ಕರಡು ನೋಡಿದ ಮೇಷ್ಟ್ರು, "ಇದರಲ್ಲಿ ಬಟ್ಟೆ ಬಗ್ಗೆ ಇದೆ, ಫೋಟೊ ಬಗ್ಗೆ ಏನೂ ಇಲ್ಲ" ಎಂದು ವಾಪಸ್ ಕೊಟ್ಟರು. ಗೆಳೆಯರಂತೂ "ಅದು ಬರೀ ನಕಲು, ವಿಶ್ಲೇಷಣೆ ಮಾಡೋಕೆ ಏನಿದೆ" ಎನ್ನುತ್ತಾರೆ. ಕರಡಿನ ಜೊತೆ ಒಂದು ಫೋಟೊ ಕಳಿಸಿದ್ದೇನೆ: ಬೆಳ್ಳಿ ಬಣ್ಣದ ಕವಚ ತೊಟ್ಟ ಯೋಧೆ, ಹಿಂದೆ ನೀಲಿ ಬೆಳಕು, ಹೊಗೆ. "ನೀಲಿ ಬಣ್ಣ ಆಕೆಯ ಒಂಟಿತನವನ್ನು ಸೂಚಿಸುತ್ತದೆ" ಎಂದು ಬರೆದಿದ್ದೇನೆ, ಸರಿಯೇ? ಆಕೆ ಒಂದು ಗೇಮಿನ ಪಾತ್ರ, ಆ ಗೇಮ್ ನಾನು ಆಡಿಲ್ಲ. ಒಂದು ಕನ್ವೆನ್ಷನ್‌ನಲ್ಲಿ (ಅಭಿಮಾನಿಗಳ ಸಮ್ಮೇಳನದಲ್ಲಿ) ನಾನೇ ತೆಗೆದ ನಲವತ್ತು ಫೋಟೊಗಳಿವೆ, ಆದರೆ ಯಾರ ಹೆಸರನ್ನೂ ಕೇಳಿಕೊಂಡಿಲ್ಲ. ಅವನ್ನು ಬಳಸಬಹುದೇ? ಇನ್ನು ಐದು ವಾರವಷ್ಟೇ ಉಳಿದಿದೆ.

ಉತ್ತರ: ನಿಮ್ಮ ಕರಡನ್ನು ಎರಡು ಸಲ ಓದಿದೆ. ಮೇಷ್ಟ್ರ ಮಾತು ಖಾರವಾಗಿದ್ದರೂ ಸುಳ್ಳಲ್ಲ. ಕವಚದ ಕುಸುರಿ, ವಿಗ್ಗಿನ ಬಣ್ಣ, ಕತ್ತಿಯ ಉದ್ದ, ಮೇಕಪ್ಪಿನ ಅಚ್ಚುಕಟ್ಟು, ಎಲ್ಲವನ್ನೂ ಗಮನಿಸಿದ್ದೀರಿ. ಬರೆದದ್ದೆಲ್ಲ ನಿಜವೂ ಹೌದು. ಆದರೆ ಅದೇ ಕವಚವನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ತೋರಿಸಿದ್ದರೂ ನೀವು ಇಷ್ಟನ್ನೇ ಬರೆಯುತ್ತಿದ್ದಿರಿ. ಅಲ್ಲಿ ಒಂದು ಕ್ಯಾಮೆರಾ ಇತ್ತು, ಅದನ್ನು ಹಿಡಿದ ಒಬ್ಬರು ಇದ್ದರು ಎನ್ನುವುದಕ್ಕೆ ಇಡೀ ಕರಡಿನಲ್ಲಿ ಸಿಗುವ ಸುಳಿವು ಆ ನೀಲಿ ಬಣ್ಣದ ವಾಕ್ಯ ಒಂದೇ. ಆ ವಾಕ್ಯದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ, ಆಮೇಲೆ ಹೇಳುತ್ತೇನೆ.

ಇದು ನಿಮ್ಮೊಬ್ಬರ ತಪ್ಪಲ್ಲ. ಕಾಸ್‌ಪ್ಲೇ ಫೋಟೊ ಕಂಡೊಡನೆ ಕಣ್ಣು ವೇಷಕ್ಕೇ ಹೋಗುತ್ತದೆ. ಹೋಗಲಿ ಎಂದೇ ಆ ವೇಷ ಕಟ್ಟಿರುವುದು. ತಿಂಗಳುಗಟ್ಟಲೆ ಫೋಮ್ ಕತ್ತರಿಸಿ, ಕಾಯಿಸಿ, ಬಗ್ಗಿಸಿ, ಅಂಟಿಸಿ, ಬಣ್ಣ ಬಳಿದವರ ಶ್ರಮ ಎದ್ದು ಕಾಣುತ್ತದೆ. ಫೋಟೊ ತೆಗೆದವರ ಕೆಲಸ ಹಾಗಲ್ಲ. ಅದು ಚೆನ್ನಾಗಿ ಆದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಕಾಣದ ಆ ಕೆಲಸವನ್ನು ಹೆಕ್ಕಿ ತೆಗೆಯಿರಿ ಎನ್ನುವುದೇ ನಿಮಗೆ ಕೊಟ್ಟಿರುವ ಪ್ರಾಜೆಕ್ಟು.

ಅದಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಒಂದೇ ಪ್ರಶ್ನೆ: ಇದು ಯಾರ ನಿರ್ಧಾರ? ಒಂದು ಕಾಸ್‌ಪ್ಲೇ ಫೋಟೊದಲ್ಲಿ ಕಡಿಮೆಯೆಂದರೂ ನಾಲ್ಕು ಕೈಗಳಿರುತ್ತವೆ. ಪಾತ್ರವನ್ನು ಮೊದಲು ಬರೆದ ಕಲಾವಿದ, ವೇಷ ಕಟ್ಟಿದವರು, ಅದನ್ನು ತೊಟ್ಟು ನಿಂತವರು, ಫೋಟೊ ತೆಗೆದವರು. ಎಷ್ಟೋ ಸಲ ಕಟ್ಟಿದವರೂ ತೊಟ್ಟವರೂ ಒಬ್ಬರೇ. ಎಡಿಟಿಂಗ್ ಬೇರೆಯವರು ಮಾಡಿದ್ದರೆ ಐದನೇ ಕೈ. ಉದಾಹರಣೆಗೆ ಬಿಳಿ ಕೂದಲಿನ ಬೇರೊಂದು ಪಾತ್ರ ತೆಗೆದುಕೊಳ್ಳಿ. ಕೂದಲು ಬಿಳಿ ಎನ್ನುವುದು ಮೊದಲ ಕಲಾವಿದನ ನಿರ್ಧಾರ. ಆ ಬಿಳಿ ವಿಗ್ಗಿಗೆ ಬುಡದಲ್ಲಿ ಬೂದು ಛಾಯೆ ಕೊಟ್ಟದ್ದು ವಿಗ್ ಮಾಡಿದವರದು. ತಲೆ ಸ್ವಲ್ಪ ವಾಲಿಸಿದ್ದು ತೊಟ್ಟವರದು. ಆ ವಾಲಿದ ತಲೆಯ ಅಂಚಿಗೆ ಮಾತ್ರ ಬೆಳಕು ಬೀಳುವಂತೆ ಮಾಡಿದ್ದು ಫೋಟೊಗ್ರಾಫರದು. ನಿಮ್ಮ ಕರಡಿನ ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಈ ನಾಲ್ವರಲ್ಲಿ ಒಬ್ಬರನ್ನು ಗುರುತು ಹಾಕುತ್ತಾ ಹೋಗಿ. ಮೇಷ್ಟ್ರು ಏನು ಹೇಳಿದರು ಎನ್ನುವುದು ಹತ್ತು ನಿಮಿಷದಲ್ಲಿ ತಾನೇ ಅರ್ಥವಾಗುತ್ತದೆ.

ಈಗ ಗೆಳೆಯರ "ಬರೀ ನಕಲು" ವಾದ. ಇದಕ್ಕೆ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ಇದನ್ನೇ ಪ್ರಾಜೆಕ್ಟಿನ ಮೊದಲ ಪುಟಕ್ಕೆ ಹಾಕಿಕೊಳ್ಳಿ, ಒಳ್ಳೆಯ ಮೇವು. ಅನಿಮೆಯ ಅಥವಾ ಗೇಮಿನ ಪಾತ್ರ ಹುಟ್ಟುವುದು ಚಪ್ಪಟೆಯಾಗಿ, ಹಾಳೆಯ ಮೇಲೋ ಪರದೆಯ ಮೇಲೋ. ಅಲ್ಲಿ ಕೂದಲಿಗೆ ಭಾರವಿಲ್ಲ, ಬಟ್ಟೆಗೆ ಹೊಲಿಗೆಯಿಲ್ಲ, ಕಣ್ಣು ಮುಖದ ಮೂರನೇ ಒಂದು ಭಾಗ ಇದ್ದರೂ ಯಾರೂ ಕೇಳುವುದಿಲ್ಲ. ಅದನ್ನು ಕಾಸ್‌ಪ್ಲೇಯರ್ ಬಟ್ಟೆ, ಫೋಮ್, ಮೈಯಾಗಿ ಘನರೂಪಕ್ಕೆ ತರುತ್ತಾರೆ. ಫೋಟೊಗ್ರಾಫರ್ ಬಂದು ಅದನ್ನು ಮತ್ತೆ ಚಪ್ಪಟೆ ಮಾಡುತ್ತಾರೆ. ಎರಡು ಸಲ ಅನುವಾದ ಆದ ಹಾಗೆ. ಎರಡು ಅನುವಾದ ದಾಟಿ ಬಂದದ್ದು ಮೂಲದಂತೆಯೇ ಇರುವುದು ಸಾಧ್ಯವಿಲ್ಲ. ಮೊದಲ ಅನುವಾದದಲ್ಲಿ ಏನು ಬದಲಾಯಿತು ಎನ್ನುವುದು ಉಡುಪು ವಿನ್ಯಾಸದ ವಿದ್ಯಾರ್ಥಿಯ ವಿಷಯ. ಎರಡನೆಯದರಲ್ಲಿ ಏನು ಬದಲಾಯಿತು ಎನ್ನುವುದು ನಿಮ್ಮ ವಿಷಯ. ಮೂಲ ಚಿತ್ರದಲ್ಲಿ ಇಲ್ಲದ ಲೆನ್ಸು, ಇಲ್ಲದ ಎತ್ತರ, ಇಲ್ಲದ ಬೆಳಕು ಇಲ್ಲಿ ಬಂದಿದೆಯಲ್ಲ, ಅದು.

ಪೀಠಿಕೆಯಲ್ಲಿ "ಜಪಾನಿನಲ್ಲಿ ಹುಟ್ಟಿದ ಕಲೆ" ಎಂದಿದ್ದೀರಿ, ಸ್ವಲ್ಪ ತಿದ್ದಿಕೊಳ್ಳಿ. ಹೆಸರು ಜಪಾನಿನದು. ನೊಬುಯುಕಿ ತಕಾಹಾಶಿ ಎಂಬವರು 1983ರಲ್ಲಿ "ಮೈ ಅನಿಮೆ" ಪತ್ರಿಕೆಯಲ್ಲಿ "ಕೊಸುಪುರೆ" ಎಂಬ ಪದ ಬಳಸಿದರು. 1984ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವ ವಿಜ್ಞಾನಕಥಾ ಸಮ್ಮೇಳನ ನೋಡಿ ಬಂದಮೇಲೆ ಹುಟ್ಟಿಸಿದ ಪದ ಎಂಬ ಕಥೆ ಚಾಲ್ತಿಯಲ್ಲಿದೆ, ಆದರೆ ಪದ ಅದಕ್ಕೂ ಒಂದು ವರ್ಷ ಮೊದಲೇ ಅಚ್ಚಾಗಿತ್ತು. ವೇಷ ತೊಡುವ ರೂಢಿ ಇನ್ನೂ ಹಳೆಯದು: 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಮಿರ್ಟಲ್ ಡಗ್ಲಸ್ ಮತ್ತು ಫಾರೆಸ್ಟ್ ಆಕರ್‌ಮನ್ ಭವಿಷ್ಯಕಾಲದ ಉಡುಪು ತೊಟ್ಟು ಹೋಗಿದ್ದರು, ಹೊಲಿದದ್ದು ಡಗ್ಲಸ್. ಇತಿಹಾಸ ಇಷ್ಟು ಸಾಕು. ಎರಡು ಪುಟ ಇದಕ್ಕೇ ಹೋದರೆ ಫೋಟೊಗೆ ಮತ್ತೆ ಜಾಗ ಉಳಿಯುವುದಿಲ್ಲ.

ಆ ಬೆಳ್ಳಿ ಕವಚದ ಫೋಟೊ

ನೀವು ಕಳಿಸಿದ ಫೋಟೊವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ನೋಡಿದೆ. ನೀವೂ ಹಾಗೇ ಮಾಡಿ, ಮೊದಲು ಕಣ್ಣಿಗೆ ಹೋಗಿ. ಎರಡೂ ಕಣ್ಣಲ್ಲಿ, ಪಾಪೆಯ ಎಡಮೇಲೆ, ಉದ್ದುದ್ದನೆಯ ಚೌಕದ ಬಿಳಿ ಚುಕ್ಕೆ ಇದೆ. ಅದು ಮುಖ್ಯ ಬೆಳಕಿನ ಪ್ರತಿಬಿಂಬ. ಚೌಕ ಎಂದರೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗಾಗಿಸುವ ಬಟ್ಟೆಯ ಪೆಟ್ಟಿಗೆ) ಅಥವಾ ಕಿಟಕಿ. ದುಂಡಗಿದ್ದರೆ ಛತ್ರಿಯೋ ಬ್ಯೂಟಿ ಡಿಶ್ ಎಂಬ ತಟ್ಟೆಯಾಕಾರದ ಪ್ರತಿಫಲಕವೋ ಎನ್ನಬಹುದಿತ್ತು, ಬಳೆಯಂತೆ ಇದ್ದರೆ ರಿಂಗ್ ಲೈಟ್. ಮೂಗಿನ ನೆರಳು ಬಲಗೆಳಗೆ ಬಿದ್ದಿದೆ, ಅದರ ಅಂಚು ಮೆತ್ತಗಿದೆ. ಅಂದರೆ ಬೆಳಕು ನೋಡುವವರ ಎಡಗಡೆ, ಕಣ್ಣಿನ ಮಟ್ಟಕ್ಕಿಂತ ಮೇಲೆ, ಮುಖಕ್ಕೆ ಸಾಕಷ್ಟು ಹತ್ತಿರ ಇತ್ತು. ಬೆಳಕಿನ ಮೂಲ ಮುಖಕ್ಕೆ ಹೋಲಿಸಿದರೆ ದೊಡ್ಡದಾಗಿ ಕಂಡಷ್ಟೂ ನೆರಳಿನ ಅಂಚು ಕರಗುತ್ತದೆ. ಅದೇ ಸಾಫ್ಟ್‌ಬಾಕ್ಸನ್ನು ದೂರ ಒಯ್ದರೆ ಅದೂ ಗಡಸಾಗುತ್ತದೆ.

ಇನ್ನೊಂದು ವಿಷಯ. ಗಲ್ಲದ ಕೆಳಗಿನ ನೆರಳು ಇರಬೇಕಾದಷ್ಟು ಕಪ್ಪಾಗಿಲ್ಲ. ಯಾರೋ ಕೆಳಗೆ ಬಿಳಿ ಬೋರ್ಡು ಹಿಡಿದಿರಬಹುದು, ಇಲ್ಲವೇ ಬೆಳ್ಳಿ ಬಣ್ಣದ ಎದೆಕವಚವೇ ಬೆಳಕನ್ನು ಮೇಲಕ್ಕೆ ಎರಚಿರಬಹುದು. ಬೋರ್ಡು ಇದ್ದಿದ್ದರೆ ಕಣ್ಣಿನ ಕೆಳಭಾಗದಲ್ಲಿ ಇನ್ನೊಂದು ಮಸುಕು ಚುಕ್ಕೆ ಕಾಣುವ ಸಂಭವ ಹೆಚ್ಚು. ಅದು ಇಲ್ಲ. ಹಾಗಾಗಿ ಕವಚ ಎಂದು ನನ್ನ ಊಹೆ. ನೀವೂ ಊಹೆ ಎಂದೇ ಬರೆಯಿರಿ. ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ಸುಮ್ಮನೆ ಅನಿಸಿದ್ದು, ಈ ಮೂರನ್ನು ವಾಕ್ಯದಲ್ಲೇ ಬೇರೆಬೇರೆಯಾಗಿ ಕಾಣಿಸಿದ ವಿದ್ಯಾರ್ಥಿಗೆ ನಾನು ಕಣ್ಣುಮುಚ್ಚಿ ಹೆಚ್ಚು ಅಂಕ ಕೊಡುತ್ತೇನೆ.

ಇನ್ನು ಮುಷ್ಟಿ. ಕತ್ತಿ ಹಿಡಿದು ಮುಂದೆ ಚಾಚಿದ ಕೈ ಹೆಚ್ಚುಕಡಿಮೆ ತಲೆಯಷ್ಟೇ ದೊಡ್ಡದಾಗಿ ಕಾಣುತ್ತಿದೆ. ನೀವು ಇದನ್ನು "ದೊಡ್ಡ ಕೈಗವಚ" ಎಂದು ವೇಷದ ಲೆಕ್ಕಕ್ಕೆ ಹಾಕಿದ್ದೀರಿ. ಇದು ಕ್ಯಾಮೆರಾ ನಿಂತ ಜಾಗದ ಲೆಕ್ಕ. ಕ್ಯಾಮೆರಾ ಆಕೆಯ ಮೈಯಿಂದ 1.2 ಮೀಟರ್ ದೂರದಲ್ಲಿದ್ದು, ಮುಷ್ಟಿ 60 ಸೆಂಟಿಮೀಟರ್ ಮುಂದಿದ್ದರೆ, ಮುಷ್ಟಿಗೂ ಲೆನ್ಸಿಗೂ ನಡುವೆ ಉಳಿಯುವುದು ಅರ್ಧ ದೂರ ಮಾತ್ರ. ಅದು ಎರಡು ಪಟ್ಟು ಹಿಗ್ಗಿ ಕಾಣುತ್ತದೆ. ಅದೇ ಭಂಗಿಯನ್ನು 3 ಮೀಟರ್ ದೂರದಿಂದ ತೆಗೆದರೆ ಬರೀ ಒಂದೂಕಾಲು ಪಟ್ಟು. "ವೈಡ್ ಲೆನ್ಸ್ ಆಕಾರ ಕೆಡಿಸುತ್ತದೆ" ಎನ್ನುವುದು ಕ್ಲಾಸುಗಳಲ್ಲೂ ಕೇಳಿಬರುವ ಮಾತು. ಆದರೆ ಕೈ ಮತ್ತು ತಲೆಯ ಈ ಅನುಪಾತವನ್ನು ನಿರ್ಧರಿಸುವುದು ದೂರ. ಅಷ್ಟು ಹತ್ತಿರ ನಿಂತೂ ಇಡೀ ಆಳನ್ನು ಫ್ರೇಮಿನೊಳಗೆ ಹಿಡಿಸಲು ವೈಡ್ ಲೆನ್ಸ್ ಬೇಕಾಗುತ್ತದೆ, ಅಷ್ಟೆ. ಫೋಟೊಗ್ರಾಫರ್ ಹತ್ತಿರ ಹೋದದ್ದು ಯಾಕೆ? ಮಂಗಾ (ಜಪಾನಿನ ಕಾಮಿಕ್) ಚಿತ್ರಕಾರರು ಹೊಡೆದಾಟದ ಚಿತ್ರದಲ್ಲಿ ಓದುಗನ ಮುಖಕ್ಕೇ ಬರುವಂತೆ ಮುಷ್ಟಿ ಬರೆಯುತ್ತಾರಲ್ಲ, ಆ ಚಪ್ಪಟೆ ಚಿತ್ರದ ಉತ್ಪ್ರೇಕ್ಷೆಯನ್ನು ಇವರು ದೂರ ಬದಲಿಸಿ ಮರಳಿ ತಂದಿದ್ದಾರೆ. ಎರಡನೇ ಅನುವಾದ ಎಂದೆನಲ್ಲ, ಅದು ಹೀಗೆ ಕೆಲಸ ಮಾಡುತ್ತದೆ.

ಹಿನ್ನೆಲೆ ಪೂರ್ತಿ ಕಪ್ಪು. "ಕತ್ತಲೆಯ ಲೋಕ" ಎಂದು ಬರೆದಿದ್ದೀರಿ. ಅದು ಹಗಲು ಹೊತ್ತಿನ ಸಾಮಾನ್ಯ ಕೋಣೆಯೂ ಆಗಿರಬಹುದು. ಫ್ಲ್ಯಾಶು ಆಕೆಯಿಂದ 1 ಮೀಟರ್, ಹಿಂದಿನ ಗೋಡೆ ಫ್ಲ್ಯಾಶಿನಿಂದ 4 ಮೀಟರ್ ಎಂದಿಟ್ಟುಕೊಳ್ಳಿ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ, ನಮ್ಮ ಲೆಕ್ಕದಲ್ಲಿ ನಾಲ್ಕು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಕೋಣೆಯ ದೀಪಗಳ ಬೆಳಕನ್ನು ಸಣ್ಣ ಅಪರ್ಚರ್ (ಲೆನ್ಸಿನ ಕಿಂಡಿ), ಕಡಿಮೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ), 1/200 ಸೆಕೆಂಡಿನ ಶಟರ್ ಕೊಂದುಹಾಕುತ್ತವೆ. ಗೋಡೆ ಮಾಯ.

ಕೊನೆಗೆ ನನಗೆ ಅತಿ ಇಷ್ಟವಾದ ಜಾಗ. ಮುಂಗೈ ಕವಚದಲ್ಲಿ, ಹೆಬ್ಬೆರಳಿನ ಕೀಲಿನ ಬಳಿ, ಬೆಳ್ಳಿ ಬಣ್ಣ ಬಿರುಕು ಬಿಟ್ಟು ಒಳಗಿನ ಕಪ್ಪು ಫೋಮ್ ಇಣುಕುತ್ತಿದೆ. ಫೋಮ್ ಮಡಿಸಿದಾಗ ಮೇಲಿನ ಬಣ್ಣ ಬಿರಿಯುವುದು ಮಾಮೂಲು. ಕೆನ್ನೆಯ ಚರ್ಮವನ್ನು ಪಿಂಗಾಣಿಯಷ್ಟು ನುಣುಪು ಮಾಡಿದ ಎಡಿಟರ್ ಈ ಬಿರುಕನ್ನು ಹಾಗೇ ಬಿಟ್ಟಿದ್ದಾರೆ. ಯುದ್ಧದಲ್ಲಿ ಸವೆದ ಕವಚ ಎಂದು ಬೇಕೆಂದೇ ಬಿಟ್ಟರೋ, ಕಣ್ಣಿಗೆ ಬೀಳಲಿಲ್ಲವೋ? ಗೊತ್ತಿಲ್ಲದಿದ್ದರೂ ಬರೆಯಲು ಇಲ್ಲಿ ಒಂದು ಪುಟದಷ್ಟು ವಿಷಯವಿದೆ. ಇಡೀ ಫೋಟೊದಲ್ಲಿ ಪಾತ್ರ ಮುಗಿದು ಅದನ್ನು ತೊಟ್ಟ ಮನುಷ್ಯೆ ಶುರುವಾಗುವುದು ಆ ಅರ್ಧ ಇಂಚಿನಲ್ಲಿ. ನಿಮ್ಮ ಕರಡಿನಲ್ಲಿ ಅದರ ಉಲ್ಲೇಖವೇ ಇಲ್ಲ.

ನೀಲಿಯೂ ಒಂಟಿತನವೂ

ಇನ್ನು ಆ ವಾಕ್ಯ. ಒಮ್ಮೆ ವಿದ್ಯಾರ್ಥಿಯೊಬ್ಬ ಒಂದು ಕಾಸ್‌ಪ್ಲೇ ಫೋಟೊದ ಹಸಿರು ಛಾಯೆಯ ಬಗ್ಗೆ ಎರಡು ಪುಟ ಬರೆದು ತಂದ. ಪಾತ್ರದ ಒಳಗಿನ ವಿಷ ಚರ್ಮದ ಮೇಲೆ ತೇಲಿ ಬಂದಿದೆಯಂತೆ. ಓದಲು ಸೊಗಸಾಗಿತ್ತು. ತೊಂದರೆ ಏನೆಂದರೆ ಆ ಫೋಟೊ ತೆಗೆದವನು ನಾನೇ. ಸಭಾಂಗಣದ ಟ್ಯೂಬ್‌ಲೈಟಿಗೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವುದು) ಸರಿಮಾಡಲು ಮರೆತಿದ್ದೆ. ಅವನಿಗೆ ಹೇಳಿದಾಗ ಇಬ್ಬರಿಗೂ ನಾಚಿಕೆಯಾಯಿತು.

ಹಾಗಂತ ಬಣ್ಣಕ್ಕೆ ಅರ್ಥವೇ ಇಲ್ಲ ಎನ್ನುತ್ತಿಲ್ಲ. ಮೊದಲು ಆ ಬಣ್ಣ ಅಲ್ಲಿ ಏನು ಕೆಲಸ ಮಾಡುತ್ತಿದೆ ನೋಡಿ, ಅರ್ಥ ಆಮೇಲೆ. ನಿಮ್ಮ ಫೋಟೊದಲ್ಲಿ ನೀಲಿ ಬೆಳಕು ಹಿಂದಿನಿಂದ ಬರುತ್ತಿದೆ. ಅದು ಮೂರು ಕೆಲಸ ಮಾಡಿದೆ. ಕಪ್ಪು ವಿಗ್ಗನ್ನು ಕಪ್ಪು ಹಿನ್ನೆಲೆಯಿಂದ ಬಿಡಿಸಿದೆ. ಹೊಗೆಯನ್ನು ಕಾಣಿಸಿದೆ, ಏಕೆಂದರೆ ಹೊಗೆಗೆ ಆಕಾರ ಬರುವುದು ಬೆಳಕು ಹಿಂದಿನಿಂದ ತೂರಿದಾಗ, ಮುಂದಿನಿಂದ ಬಿದ್ದರೆ ಅದು ಮಾಸಲು ಪರದೆ ಅಷ್ಟೆ. ಮೂರನೆಯದೇ ದೊಡ್ಡದು: ಲೋಹಕ್ಕೆ ತನ್ನದೇ ಬಣ್ಣ ಕಡಿಮೆ, ಸುತ್ತಲಿನದನ್ನು ಅದು ತೊಡುತ್ತದೆ. ಬೆಳ್ಳಿ ಬಳಿದ ಫೋಮಿನ ಅಂಚಿಗೆ ತಣ್ಣನೆಯ ನೀಲಿ, ಮುಖಕ್ಕೆ ಬೆಚ್ಚನೆಯ ಬೆಳಕು ಕೊಟ್ಟಾಗ ನಮ್ಮ ಕಣ್ಣು "ಇದು ಉಕ್ಕು, ಅದು ಮೈ" ಎಂದು ಒಪ್ಪಿಕೊಳ್ಳುತ್ತದೆ. ಫೋಮನ್ನು ಉಕ್ಕು ಮಾಡಿದ್ದು ವೇಷ ಕಟ್ಟಿದವರ ಬಣ್ಣದಷ್ಟೇ ಈ ಬೆಳಕು. ಇಷ್ಟನ್ನು ಬರೆದ ಮೇಲೆ, ಆ ಪಾತ್ರದ ಕಥೆಯಲ್ಲಿ ಒಂಟಿತನ ಇದ್ದರೆ, ಅದನ್ನೂ ಸೇರಿಸಿ. ಆಗ ಅದಕ್ಕೆ ನಿಲ್ಲಲು ನೆಲ ಇರುತ್ತದೆ.

ಅಲ್ಲಿಗೆ ನಿಮ್ಮ ಇನ್ನೊಂದು ಅನುಮಾನ: ಗೇಮ್ ಆಡಿಲ್ಲ. ಪೂರ್ತಿ ಆಡಬೇಕಾಗಿಲ್ಲ, ಆದರೆ ಪಾತ್ರವನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಒಮ್ಮೆ ನಾನು ನೆಲದ ಮೇಲೆ ಅಂಗಾತ ಮಲಗಿ, ಒಬ್ಬ ಹುಡುಗಿಯನ್ನು ಕೆಳಗಿನಿಂದ, ಮಹಾವೀರೆಯಂತೆ ತೆಗೆದೆ. ಪರದೆಯಲ್ಲಿ ತೋರಿಸಿದಾಗ ಆಕೆ ಮೆಲ್ಲಗೆ, "ಚೆನ್ನಾಗಿದೆ ಸರ್. ಆದ್ರೆ ಇವಳು ಯಾರನ್ನೂ ಮೇಲಿಂದ ನೋಡೋಳಲ್ಲ" ಎಂದಳು. ಫೋಟೊ ಅಚ್ಚುಕಟ್ಟಾಗಿತ್ತು, ಪಾತ್ರಕ್ಕೆ ಸುಳ್ಳಾಗಿತ್ತು. ಮೂಲದ ಮೂರು ನಾಲ್ಕು ಅಧಿಕೃತ ಚಿತ್ರ ಹುಡುಕಿ, ಅವುಗಳಲ್ಲಿ ಪಾತ್ರವನ್ನು ಯಾವ ಎತ್ತರದಿಂದ ತೋರಿಸಿದ್ದಾರೆ, ಎಷ್ಟು ಹತ್ತಿರದಿಂದ, ಆಯುಧ ಪೂರ್ತಿ ಕಾಣುತ್ತದೋ ಇಲ್ಲವೋ ನೋಡಿಕೊಳ್ಳಿ. ನಿಮ್ಮ ಫೋಟೊದಲ್ಲಿ ಕತ್ತಿಯ ತುದಿ ಫ್ರೇಮಿನಿಂದ ಹೊರಗೆ ಹೋಗಿದೆ. ಮೂಲದಲ್ಲಿ ಅದು ಸದಾ ಪೂರ್ತಿ ಕಾಣುತ್ತದೆ ಎಂದಾದರೆ ಈ ಕತ್ತರಿಕೆ ಒಂದು ಹೇಳಿಕೆಯಾಗುತ್ತದೆ, ಅಥವಾ ಒಂದು ತಪ್ಪಾಗುತ್ತದೆ.

ಫೋಟೊ ಎಲ್ಲಿ ತೆಗೆದದ್ದು ಎನ್ನುವುದೂ ಅರ್ಥವನ್ನು ಬದಲಿಸುತ್ತದೆ. 1975ರಿಂದ ನಡೆಯುತ್ತಿರುವ ಟೋಕಿಯೊದ ಕಾಮಿಕ್ ಮಾರ್ಕೆಟ್ ಎಂಬ ಅಭಿಮಾನಿಗಳ ಮೇಳದಲ್ಲಿ ವೇಷ ತೊಟ್ಟೇ ಬರುವ ಹಾಗಿಲ್ಲ, ಅಲ್ಲೇ ಬದಲಿಸಿಕೊಂಡು ಗೊತ್ತುಮಾಡಿದ ಜಾಗದಲ್ಲಿ ನಿಲ್ಲಬೇಕು. ಜನಪ್ರಿಯ ಕಾಸ್‌ಪ್ಲೇಯರ್ ಸುತ್ತ ಫೋಟೊಗ್ರಾಫರುಗಳ ಕೋಟೆಯೇ ಕಟ್ಟಿಕೊಳ್ಳುತ್ತದೆ, ಆಕೆ ಸರದಿಯ ಪ್ರಕಾರ ಒಬ್ಬೊಬ್ಬರ ಲೆನ್ಸಿಗೆ ನೋಟ ಕೊಡುತ್ತಾ ಹೋಗಬೇಕು. ಅಂಥ ಕಡೆ ನೋಟ ಸ್ವಲ್ಪ ಪಕ್ಕಕ್ಕೆ ಹೋಗಿದ್ದರೆ "ಪಾತ್ರ ಭವಿಷ್ಯವನ್ನು ದಿಟ್ಟಿಸುತ್ತಿದೆ" ಎಂದು ಬರೆಯಬೇಡಿ. ಪಕ್ಕದವನ ಸರದಿ ಇದ್ದಿರಬಹುದು. ಹಿನ್ನೆಲೆ ಮಸುಕಾಗಿದ್ದರೆ ಅದೂ ಅಷ್ಟೇ: ಹಿಂದಿನ ಜನ, ಬ್ಯಾನರು, ಕಸದ ಡಬ್ಬಿಯನ್ನು ಅಳಿಸಲು ಅಲ್ಲಿ ಇರುವ ಸುಲಭದ ದಾರಿ ಅಪರ್ಚರ್ ಅಗಲ ಮಾಡುವುದು. ಮಸುಕು ಹಿನ್ನೆಲೆ ಎಂದರೆ ಒಳ್ಳೆಯ ಫೋಟೊ ಎಂಬ ನಂಬಿಕೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಎಡಿಟಿಂಗ್ ಮೋಸ ಎಂಬ ನಂಬಿಕೆಯನ್ನೂ. ಮೂಲ ಪಾತ್ರವೇ ಬರೆದ ಚಿತ್ರವಾಗಿರುವಾಗ ಫೋಟೊ ಮತ್ತೆ ಬರೆದ ಚಿತ್ರದ ಕಡೆ ವಾಲುವುದು ಸಹಜ. ನೀವು ನೋಡಬೇಕಾದದ್ದು ಅದು ಎಲ್ಲಿ ಬಿಟ್ಟುಕೊಟ್ಟಿದೆ ಎಂದು: ವಿಗ್ಗಿನ ಎಳೆಗಳ ಅಂಚು, ಪಾದದ ಬಳಿಯ ನೆರಳು, ಹಿನ್ನೆಲೆಯ ಬೆಳಕಿನ ದಿಕ್ಕು ಮುಖದ ಬೆಳಕಿಗೆ ಹೊಂದುತ್ತದೋ ಇಲ್ಲವೋ.

ಮೂರು ಫೋಟೊಗಳ ಆಯ್ಕೆ, ನಿಮ್ಮ ಆರು ಫೋಟೊ

ನೀವು ಆರಿಸಿದ ಮೂರು ಫೋಟೊಗಳಲ್ಲಿ ಪಾತ್ರ ಬೇರೆ, ವೇಷ ಬೇರೆ, ತೊಟ್ಟವರು ಬೇರೆ, ತೆಗೆದವರೂ ಬೇರೆ. ಎಲ್ಲವೂ ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಳುವುದು ಹೇಗೆ? ಒಂದೇ ವೇಷವನ್ನು, ಒಬ್ಬರೇ ತೊಟ್ಟಾಗ, ಮೂವರು ಫೋಟೊಗ್ರಾಫರುಗಳು ತೆಗೆದ ಫೋಟೊ ಹುಡುಕಿ. ಕಾಸ್‌ಪ್ಲೇಯರುಗಳ ಪುಟಗಳಲ್ಲಿ ಇಂಥವು ಸಿಗುತ್ತವೆ. ವೇಷ ಸ್ಥಿರವಾದೊಡನೆ ಕಣ್ಣು ತಾನಾಗಿ ಬೆಳಕು, ದೂರ, ಎತ್ತರದ ಮೇಲೆ ಹೋಗುತ್ತದೆ, ಮೇಷ್ಟ್ರ ದೂರಿಗೆ ಇದೇ ನೇರ ಮದ್ದು. ಅಪಾಯ ಒಂದಿದೆ: ಮೂರೂ ಒಂದೇ ಥರ ಕಂಡು ಓದುವವರಿಗೆ ಬೇಸರ ತರಬಹುದು. ಆದ್ದರಿಂದ ಸಭಾಂಗಣದಲ್ಲಿ ತೆಗೆದದ್ದು, ಸ್ಟುಡಿಯೊದ್ದು, ಹೊರಾಂಗಣದ್ದು ಒಂದೊಂದಿರಲಿ.

ಕಲಾವಿದರ ಕೆಲಸದ ಜೊತೆ ಹೋಲಿಸುವುದು ಇನ್ನೊಂದು ದಾರಿ. ಅಮೆರಿಕದ ಫೋಟೊಗ್ರಾಫರ್ ಎಲೆನಾ ಡಾರ್ಫ್‌ಮನ್ ಕಾಸ್‌ಪ್ಲೇಯರುಗಳನ್ನು ಕಪ್ಪು ಹಿನ್ನೆಲೆಯ ಮುಂದೆ ನಿಲ್ಲಿಸಿ, ಸಾಹಸದ ಭಂಗಿಯನ್ನೆಲ್ಲ ಕಳಚಿ ತೆಗೆದರು. ಚೀನಾದ ಕಲಾವಿದೆ ಸಾವೊ ಫೇ 2004ರ ಕೆಲಸದಲ್ಲಿ ವೇಷ ತೊಟ್ಟ ಹುಡುಗ ಹುಡುಗಿಯರನ್ನು ಗುವಾಂಗ್‌ಝೌ ನಗರದ ಅಂಚಿನಲ್ಲಿ ಅಲೆದಾಡಿಸಿ, ಕೊನೆಗೆ ಅದೇ ವೇಷದಲ್ಲಿ ಅವರವರ ಮನೆಯೊಳಗೆ, ದೊಡ್ಡವರ ಪಕ್ಕದಲ್ಲಿ ತೋರಿಸಿದರು. ನಿಮಗೆ ಹೆಚ್ಚು ಉಪಯೋಗವಾಗುವುದು ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಸರಣಿ. ಅದು ಕಾಸ್‌ಪ್ಲೇ ಅಲ್ಲ. ಆದರೆ ಅವರು ರವಿವರ್ಮನ ಲಕ್ಷ್ಮಿಯನ್ನೋ ಹಳೆಯ ಜನಾಂಗೀಯ ದಾಖಲೆಯ ಫೋಟೊವನ್ನೋ ಮರುಸೃಷ್ಟಿಸುವಾಗ ಸೀರೆ, ಒಡವೆಗೆ ನಿಲ್ಲುವುದಿಲ್ಲ, ಮೂಲದ ಹಿನ್ನೆಲೆ, ಬೆಳಕು, ಚೌಕಟ್ಟನ್ನೂ ಮತ್ತೆ ಕಟ್ಟುತ್ತಾರೆ. ಚಿತ್ರದ ರೀತಿಗೂ ವೇಷ ಹಾಕಬಹುದು ಎಂದು ಅಲ್ಲಿ ಗೊತ್ತಾಗುತ್ತದೆ. ಈ ದಾರಿಯ ಅಪಾಯ ಎಂದರೆ ದೊಡ್ಡ ಹೆಸರುಗಳು ನಿಮ್ಮ ಮಾತನ್ನು ನುಂಗಿಬಿಡುವುದು. ಒಬ್ಬರನ್ನು ಆರಿಸಿ, ಅವರ ಒಂದೇ ಫೋಟೊವನ್ನು ಹಿಡಿದುಕೊಳ್ಳಿ.

ನಿಮ್ಮದೇ ಆರು ಫೋಟೊಗೆ ಬಂದರೆ, ಕಂಪ್ಯೂಟರಿನಲ್ಲಿ ಕೋಟೆ, ಬೆಂಕಿ, ಡ್ರ್ಯಾಗನ್ ಕೂಡಿಸುವ ಆಸೆ ಕರಡಿನ ಕೊನೆಯಲ್ಲಿದೆ. ಐದು ವಾರದಲ್ಲಿ ಬೇಡ. ವಿಗ್ಗಿನ ಒಂದೊಂದು ಎಳೆಯನ್ನು ಹಿನ್ನೆಲೆಯಿಂದ ಬಿಡಿಸುವುದರಲ್ಲೇ ಎರಡು ವಾರ ಹೋದವರನ್ನು ಕಂಡಿದ್ದೇನೆ. ನಾನೇ ವೇಷ ತೊಡುತ್ತೇನೆ ಎನ್ನುವುದೂ ಆಕರ್ಷಕ, ಅಮೆರಿಕದ ಕಲಾವಿದೆ ಸಿಂಡಿ ಶೆರ್ಮನ್ 1977ರಿಂದ 80ರವರೆಗೆ ಸಿನಿಮಾ ಸ್ಟಿಲ್‌ಗಳಂತೆ ಕಾಣುವ ಸ್ವಂತ ಫೋಟೊ ತೆಗೆದದ್ದೇ ಮಾದರಿ. ಆದರೆ ವೇಷ ಕಟ್ಟುವುದೇ ಒಂದು ಪ್ರಾಜೆಕ್ಟು. ನನ್ನ ಸಲಹೆ ಸ್ವಲ್ಪ ಒಣ ಅನಿಸಬಹುದು: ಒಬ್ಬರೇ ಕಾಸ್‌ಪ್ಲೇಯರ್, ಒಂದೇ ಭಂಗಿ, ಐದು ಫೋಟೊ, ಪ್ರತಿ ಸಲ ಒಂದೇ ಸಂಗತಿ ಬದಲು. ಮೊದಲು 3 ಮೀಟರಿನಿಂದ, ಆಮೇಲೆ 1 ಮೀಟರಿಗೆ ಬಂದು. ಕಣ್ಣಿನ ಮಟ್ಟದಿಂದ ಮೊಣಕಾಲ ಮಟ್ಟಕ್ಕೆ ಇಳಿದು. ಮೆತ್ತನೆಯ ಬೆಳಕಿನಿಂದ ಬರಿಯ ಫ್ಲ್ಯಾಶಿಗೆ. ಬರಿಯ ಫ್ಲ್ಯಾಶಿನಲ್ಲಿ ಸಿಂಥೆಟಿಕ್ ವಿಗ್ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ, ಫೋಮಿನ ಜೋಡಣೆಯ ಗೆರೆಗಳೆಲ್ಲ ಎದ್ದು ಬರುತ್ತವೆ. ಅದನ್ನು ತಪ್ಪೆಂದು ಎಸೆಯಬೇಡಿ, ಪಾತ್ರ ಎಲ್ಲಿ ಮುರಿಯಿತು ಎಂದು ತೋರಿಸಲು ಅದೇ ಬೇಕು. ಆರನೆಯದು ವೇಷ ಕಳಚುತ್ತಿರುವಾಗಿನದು, ಆಕೆ ಒಪ್ಪಿದರೆ ಮಾತ್ರ: ವಿಗ್ಗಿನ ಕೆಳಗಿನ ಬಲೆಟೋಪಿ, ಹಣೆಯ ಮೇಲಿನ ಪಟ್ಟಿಗುರುತು.

ಕವಚ ತೊಟ್ಟವರು ಸುಲಭವಾಗಿ ಕೂರಲಾರರು, ನೀರು ಕುಡಿಯಲು ಕೈ ಬಗ್ಗುವುದಿಲ್ಲ, ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಪಕ್ಕದ ಮೆಟ್ಟಿಲು ಕಾಣುವುದಿಲ್ಲ. ಬೆಳಕಿನ ಪ್ರಯೋಗವನ್ನೆಲ್ಲ ಮೊದಲು ಗೆಳೆಯರೊಬ್ಬರನ್ನು ನಿಲ್ಲಿಸಿ ಮುಗಿಸಿಕೊಳ್ಳಿ. ಆಕೆಗೆ ನೆರವಾಗಲು ಒಬ್ಬರು ಜೊತೆಗಿರಲಿ.

ಆ ನಲವತ್ತು ಫೋಟೊ

ವೇಷ ತೊಟ್ಟು ಜನರ ನಡುವೆ ಬಂದಿದ್ದಾರೆ, ಅಂದಮೇಲೆ ಫೋಟೊಗೆ ಒಪ್ಪಿದ್ದಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ವೇಷವೇ ಒಪ್ಪಿಗೆಯಲ್ಲ ಎಂಬ ಅರ್ಥದ ಫಲಕಗಳನ್ನು 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಸಮ್ಮೇಳನದ ಬಾಗಿಲಲ್ಲೇ ನಿಲ್ಲಿಸಬೇಕಾಗಿ ಬಂದದ್ದು ಅದಕ್ಕೇ. ನಿಮ್ಮ ಕ್ಯಾಮೆರಾಕ್ಕೆ ನಿಂತು ಪೋಸು ಕೊಟ್ಟವರು ಒಂದು ಫೋಟೊಗೆ ಒಪ್ಪಿದ್ದಾರೆ. ಪ್ರದರ್ಶನದ ಗೋಡೆಗೋ ಅಂತರ್ಜಾಲಕ್ಕೋ ಒಪ್ಪಿದ್ದಾರೆ ಎಂದು ಅದರಿಂದ ಹೇಳಲಾಗದು. ಅವರನ್ನು ಆ ಕಾರ್ಯಕ್ರಮದ ಹ್ಯಾಶ್‌ಟ್ಯಾಗ್ ಮೂಲಕ ಹುಡುಕಿ ಕೇಳಿ, ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ, ದೊಡ್ಡ ಫೈಲು ಕಳಿಸಿ ಎನ್ನುತ್ತಾರೆ. ಅವರು ಬಳಸುವ ಕಾಸ್‌ಪ್ಲೇ ಹೆಸರನ್ನೇ ಹಾಕಿ, ನಿಜ ಹೆಸರು ಕೇಳಿಕೊಂಡು ಹಾಕಲು ಹೋಗಬೇಡಿ. ಅವರಿಗೆ ಗೊತ್ತಿಲ್ಲದಂತೆ ತೆಗೆದವನ್ನು ಬಿಟ್ಟುಬಿಡಿ. ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಾಗ ತೆಗೆದವಿದ್ದರೆ ಅಳಿಸಿಯೇ ಬಿಡಿ. ಮಕ್ಕಳ ಫೋಟೊಗಳಿದ್ದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.

ಬೇರೆಯವರ ಮೂರು ಫೋಟೊಗಳ ಹಕ್ಕು ಸಾಮಾನ್ಯವಾಗಿ ತೆಗೆದವರದು, ಪಾತ್ರದ ಹಕ್ಕು ಅದರ ಕಂಪನಿಯದು. ಕ್ಲಾಸಿನೊಳಗಿನ ವಿಶ್ಲೇಷಣೆಗೆ ಬಹಳ ದೇಶಗಳ ಕಾನೂನು ಸ್ವಲ್ಪ ಜಾಗ ಬಿಡುತ್ತದೆ, ಹೊರಗೆ ಪ್ರಕಟಿಸುವುದು ಬೇರೆ ಮಾತು. ನಿಮ್ಮ ಸಂಸ್ಥೆಯ ನಿಯಮ ಏನೆಂದು ಮೊದಲು ಕೇಳಿ. ಹೇಗೂ ಫೋಟೊಗ್ರಾಫರಿಗೆ ಅನುಮತಿಗಾಗಿ ಬರೆಯುತ್ತೀರಲ್ಲ, ಅದೇ ಪತ್ರದಲ್ಲಿ ಮೂರು ಪ್ರಶ್ನೆ ಸೇರಿಸಿ: ಎಷ್ಟು ಬೆಳಕು ಬಳಸಿದಿರಿ, ಎಷ್ಟು ದೂರದಲ್ಲಿ ನಿಂತಿದ್ದಿರಿ, ಭಂಗಿ ಯಾರು ಹೇಳಿದ್ದು. ಸಾಮಾಜಿಕ ಜಾಲತಾಣಗಳು ಫೋಟೊದೊಳಗಿನ ಲೆನ್ಸು, ಶಟರಿನ ಮಾಹಿತಿಯನ್ನು ಹೆಚ್ಚಾಗಿ ಕಿತ್ತುಹಾಕಿರುತ್ತವೆ, ಕೇಳದೆ ಗೊತ್ತಾಗುವ ದಾರಿ ಕಡಿಮೆ. ನಿಮ್ಮ ವಿಶ್ಲೇಷಣೆಯನ್ನು ಬರೆದು ಮುಗಿಸಿದ ಮೇಲೆಯೇ ಅವರ ಉತ್ತರ ಓದಿ. ಊಹೆ ಎಲ್ಲಿ ಹೊಂದಲಿಲ್ಲವೋ ಅದನ್ನು ತಿದ್ದದೆ, ಅವರು ಹೇಳಿದ್ದನ್ನು ಪಕ್ಕದಲ್ಲೇ ಅಚ್ಚು ಹಾಕಿ. ಅನುಮತಿಯ ಪತ್ರಗಳಿಗೆ ಉತ್ತರ ಬರಲು ಎರಡು ವಾರವಾದರೂ ಹಿಡಿಯುತ್ತದೆ, ಹಾಗಾಗಿ ಇವತ್ತೇ ಬರೆಯಿರಿ. ಆ ಬೆಳ್ಳಿ ಕವಚದವರಿಗೆ ಬರೆಯುವಾಗ ಹೆಬ್ಬೆರಳಿನ ಬಿರುಕನ್ನು ಬೇಕೆಂದೇ ಬಿಟ್ಟಿರಾ ಎಂದೂ ಕೇಳಿ. ಉತ್ತರ ಬಂದರೆ ನನಗೂ ತಿಳಿಸಿ.